ಪುಸ್ತಕದ ಕಪಾಟಿನ ಬೀಗ ತೆಗೆಯುವ ಬಗೆ: ಕಾಸರಗೋಡಿನ ಕನ್ನಡ ಶಾಲೆಗಳಿಗೊಂದು ಮಾರ್ಗದರ್ಶಿ

ಜೂನ್ 19 ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪುಸ್ತಕದ ಕಪಾಟು ತೆರೆಯುತ್ತದೆ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನ ಅದು. ಅದನ್ನೇ ವಾಚನ ದಿನ ಎಂದು ಆಚರಿಸುತ್ತೇವೆ. ಮಕ್ಕಳು ಪ್ರತಿಜ್ಞೆ ಓದುತ್ತಾರೆ. ಪೋಸ್ಟರ್ ಬರೆಯುತ್ತಾರೆ. ಪುಸ್ತಕಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆಯುತ್ತಾರೆ. ಒಂದು ವಾರ ಹೀಗೇ ಗಲಗಲ. ಆಮೇಲೆ ಎಷ್ಟೋ ಕಡೆ ಕಪಾಟಿಗೆ ಮತ್ತೆ ಬೀಗ.

ಆ ಬೀಗ ಹಾಕಿದವರಲ್ಲಿ ನಾನೂ ಒಬ್ಬಳು. ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುತ್ತಾ ಲೈಬ್ರರಿಯ ಚಾರ್ಜನ್ನೂ ನೋಡಿಕೊಳ್ಳುತ್ತಿದ್ದೆ. ಮಕ್ಕಳ ಓದುವ ಸ್ವಾತಂತ್ರ್ಯ ಅಂದಾಗ ಎಲ್ಲೋ ದೂರದಲ್ಲಿ ಯಾರೋ ಪುಸ್ತಕ ನಿಷೇಧಿಸಿದ ಸುದ್ದಿ ನೆನಪಾಗುತ್ತದೆ, ಅಲ್ವಾ? ನಮ್ಮಲ್ಲಿ ಹಾಗೆ ಯಾರೂ ಬಂದು ನಿಷೇಧಿಸುವುದಿಲ್ಲ. ಬೀಗದ ಕೈ ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಇರುತ್ತದೆ. ಒಂದು ಪುಸ್ತಕ ಹಿಂದಿನ ಸಾಲಿಗೆ ಸರಿಯುತ್ತದೆ. ಇನ್ನೊಂದು ಕನ್ನಡದಲ್ಲಿ ಬರುವುದೇ ಇಲ್ಲ. ಸದ್ದಿಲ್ಲದೆ ಮಗುವಿನ ಕೈಗೆ ಪುಸ್ತಕ ಸಿಗದೆ ಹೋಗುತ್ತದೆ. ಇದನ್ನು ಸರಿಮಾಡಲು ದೊಡ್ಡ ಹಣ ಬೇಡ. ಒಬ್ಬ ಟೀಚರ್, ಇಬ್ಬರು ಮೂವರು ಪೋಷಕರು, ಒಂದು ವರ್ಷದ ಹಠ ಇದ್ದರೆ ಆಗುತ್ತದೆ. ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬೀಗ

ಕಪಾಟು ಯಾಕೆ ಮುಚ್ಚಿರುತ್ತದೆ? ಟೀಚರಿಗೆ ಪುಸ್ತಕದ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಹೆದರಿಕೆ. ಸ್ಟಾಕ್ ರಿಜಿಸ್ಟರಿನಲ್ಲಿ 640 ಅಂತ ಇದ್ದರೆ ಕಪಾಟಿನಲ್ಲೂ 640 ಇರಬೇಕು. ವರ್ಗಾವಣೆ ಆಗುವಾಗ, ನಿವೃತ್ತಿ ಆಗುವಾಗ ಲೆಕ್ಕ ಒಪ್ಪಿಸಬೇಕು. ಕಡಿಮೆ ಬಂದರೆ ಕೈಯಿಂದ ಕಟ್ಟಬೇಕು ಎಂಬ ಮಾತು ಕಿವಿಯಿಂದ ಕಿವಿಗೆ ಹೋಗುತ್ತಾ ಇರುತ್ತದೆ. ಹಾಗಾಗಿ ಕೊಡದೇ ಇರುವುದೇ ಸುಲಭ. ನಾನೂ ಹಾಗೇ ಎರಡು ವರ್ಷ ಕಳೆದೆ. ಎರಡನೇ ವರ್ಷದ ಆಟಿಯ ಮಳೆಯಲ್ಲಿ ಕಪಾಟು ತೆರೆದು ನೋಡಿದರೆ ಕೆಳಗಿನ ಸಾಲಿಗೆ ಪೂರ್ತಿ ಬೂಸ್ಟು. ಗೆದ್ದಲು ಹಿಡಿದ ಕಟ್ಟು ಬೇರೆ. ಮಕ್ಕಳು ಕಳೆದುಹಾಕುತ್ತಿದ್ದುದಕ್ಕಿಂತ ಜಾಸ್ತಿ ಪುಸ್ತಕ ಬೀಗದ ಒಳಗೇ ಹಾಳಾಗಿತ್ತು.

ಈ ಹೆದರಿಕೆ ಕಳೆಯುವುದು ಹೀಗೆ. ಸ್ಟಾಫ್ ಸಭೆಯಲ್ಲಿ ಒಂದು ಠರಾವು ಮಾಡಿಸಿ: ಮಕ್ಕಳಿಗೆ ಕೊಟ್ಟಾಗ ಸಹಜವಾಗಿ ಕಳೆದುಹೋದ, ಹರಿದುಹೋದ ಪುಸ್ತಕಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಭೆಯ ಮುಂದೆ ಇಡುವುದು, ಹೆಡ್‌ಮಾಸ್ಟರ್ ಸಹಿಯೊಂದಿಗೆ ದಾಖಲಿಸುವುದು, ಲೆಕ್ಕದಿಂದ ತೆಗೆಯಲು ಮೇಲಿನ ಕಚೇರಿಗೆ ಬರೆಯುವುದು. ಯಾರಾದರೂ ಒಪ್ಪದಿದ್ದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ತೋರಿಸಿ. ಅದರ 215ನೇ ನಿಯಮದ ಪ್ರಕಾರ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದುಹೋದರೆ ಅದು ಸಹಜ ನಷ್ಟ. ಮೋಸ ಅಥವಾ ಅಸಡ್ಡೆ ಇರಬಾರದು ಅಷ್ಟೆ. ₹1000ಕ್ಕಿಂತ ಜಾಸ್ತಿ ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. ಈ ನಿಯಮ ಇರುವುದು ಕೇಂದ್ರದ ಕಚೇರಿಗಳಿಗೆ, ನಮ್ಮ ಶಾಲೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಸಭೆಯಲ್ಲಿ ಮಾತಿಗೆ ಒಳ್ಳೆಯ ಆಧಾರ. ಪುಸ್ತಕ ಓದಿಸಿದರೆ ಸ್ವಲ್ಪ ಕಳೆಯುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡಿದೆ ಎಂದು ಗೊತ್ತಾದರೆ ಟೀಚರ್‌ಗಳ ಮುಖ ಹಗುರವಾಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದೇ 'ಪುಸ್ತಕ ಇರುವುದು ಬಳಕೆಗೆ' ಎಂಬುದು. ಲೈಬ್ರರಿಗೆ ಬರುವ ಮೊದಲು ಅವರು ಗಣಿತದ ಮೇಷ್ಟ್ರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಆಗ ನಮ್ಮ ಕಾಸರಗೋಡೂ ಅದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು ಎಂದು ನೆನೆದರೆ ನನಗೆ ಯಾಕೋ ಖುಷಿ.

ಬೀಗ ತೆಗೆದ ಮೇಲೆ ಪುಸ್ತಕಗಳನ್ನು ಕ್ಲಾಸಿಗೆ ಹಂಚಿ. ಒಂದು ಕ್ಲಾಸಿಗೆ 30 ಪುಸ್ತಕ ಸಾಕು. ಪಾತ್ರೆಯ ಸ್ಟ್ಯಾಂಡು, ಹಣ್ಣಿನ ಪೆಟ್ಟಿಗೆ, ಗೋಡೆಗೆ ಕಟ್ಟಿದ ಹಗ್ಗ ಯಾವುದಾದರೂ ಆದೀತು. ಮುಖಪುಟ ಕಾಣಬೇಕು, ಮಗುವಿನ ಕೈಗೆ ಎಟುಕಬೇಕು. ತಿಂಗಳಿಗೊಮ್ಮೆ ಪೆಟ್ಟಿಗೆಗಳನ್ನು ಅದಲು ಬದಲು ಮಾಡಿ. ಬೆನ್ನು ಕಾಣುವಂತೆ ಇಟ್ಟ ಪುಸ್ತಕವನ್ನು ಎರಡನೇ ಕ್ಲಾಸಿನ ಮಗು ಎತ್ತಿಕೊಳ್ಳುವುದೇ ಇಲ್ಲ.

ಎಣಿಸಿ ನೋಡಿ

ಒಂದು ಶನಿವಾರ ಕೂತು ಎಣಿಸಿ. ಒಟ್ಟು ಎಷ್ಟು ಎಂಬ ಲೆಕ್ಕ ಈಗಾಗಲೇ ರಿಜಿಸ್ಟರಿನಲ್ಲಿದೆ, ಅದು ಬೇಡ. ಕನ್ನಡದಲ್ಲಿ ಎಷ್ಟು? ಮಲಯಾಳದಲ್ಲಿ ಎಷ್ಟು? ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ, ಉರ್ದುವಿನಲ್ಲಿ ಎಷ್ಟು? ಕನ್ನಡದವುಗಳಲ್ಲಿ ಹತ್ತು ವರ್ಷದ ಮಗು ತಾನಾಗಿ ಓದಬಲ್ಲದ್ದು ಎಷ್ಟು? ಹಳೆಯ ಕೈಪಿಡಿ, ಗೈಡು, ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟ ದಪ್ಪ ಗ್ರಂಥ ಇವನ್ನೆಲ್ಲ ಬಿಟ್ಟು ಎಣಿಸಿ. ನಾವು ಎಣಿಸಿದಾಗ ಬಂದ ಸಂಖ್ಯೆ ನೋಡಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಪಠ್ಯಪುಸ್ತಕ ಕನ್ನಡದಲ್ಲಿ ಬರುತ್ತದೆ ನಿಜ. ಆದರೆ ಲೈಬ್ರರಿಗೆ ಅಂತ ಒಟ್ಟಾಗಿ ಬರುವ ಕಟ್ಟುಗಳು ಎಷ್ಟೋ ಸಲ ಮಲಯಾಳದ್ದು. ಮಲಯಾಳ ಪುಸ್ತಕ ಬೇಡ ಅಂತ ನಾನು ಹೇಳುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೊಂದು ಭಾಷೆಗಳಲ್ಲಿ ಓದುತ್ತಿದ್ದರು! ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಆಡುವ ಮಕ್ಕಳು ನಮ್ಮ ಬೆಂಚಿನಲ್ಲಿ ಒಟ್ಟಿಗೆ ಕೂತಿರುತ್ತಾರೆ. ಅವರಿಗೆ ಎಲ್ಲವೂ ಬೇಕು. ಆದರೆ ಕನ್ನಡದಲ್ಲಿ ಕಲಿಯುವ ಮಗುವಿಗೆ ಕನ್ನಡದಲ್ಲಿ ಪುಸ್ತಕ ಇಲ್ಲದಿದ್ದರೆ ಆ ಮಗುವಿಗೆ ಲೈಬ್ರರಿಯೇ ಇಲ್ಲ ಎಂದೇ ಅರ್ಥ.

ಈ ಎಣಿಕೆಯನ್ನು ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಹೆಡ್‌ಮಾಸ್ಟರ್ ಸಹಿ ಮಾಡಿಸಿ. ಮುಂದಿನ ಎಲ್ಲ ಅರ್ಜಿಗೂ ಇದೇ ಬುಡ. ಅರ್ಜಿಯ ಜೊತೆ ಮೂರು ಕಾನೂನುಗಳನ್ನು ಹೆಸರಿಸಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು ಎನ್ನುತ್ತದೆ. ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕ ಇರಬೇಕು ಎಂದೂ ಬಿಡಿಸಿ ಹೇಳಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸೌಲಭ್ಯ ಕೊಡಬೇಕು ಎನ್ನುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದರ 13ನೇ ವಿಧಿಯಲ್ಲಿ ಮಾಹಿತಿಯನ್ನು ಹುಡುಕುವ, ಪಡೆಯುವ ಹಕ್ಕು ಮಗುವಿಗೂ ಇದೆ. 17ನೇ ವಿಧಿ ಅಲ್ಪಸಂಖ್ಯಾತ ಮಗುವಿನ ಭಾಷೆಯ ಅಗತ್ಯವನ್ನೂ ಎತ್ತಿ ಹೇಳುತ್ತದೆ.

ಒಂದು ಪುಟದ ನಿಯಮ

ಯಾವ ಪುಸ್ತಕ ತರಬೇಕು ಎಂದು ಮೊದಲೇ ಬರೆದಿಡಿ. ಒಂದೇ ಪುಟ. ಜಗಳ ಬಂದ ಮೇಲೆ ನಿಯಮ ಬರೆದರೆ ಅದು ಆ ಜಗಳದ ಮಟ್ಟಿಗೆ ಮಾತ್ರ ಆಗುತ್ತದೆ. ನಮ್ಮದರಲ್ಲಿ ಇದ್ದದ್ದು ಇಷ್ಟು: ಮಕ್ಕಳು ಕೇಳಿದ ಪುಸ್ತಕಕ್ಕೆ ಮೊದಲ ಜಾಗ. ಹುಡುಗಿಯರ ಕಥೆ, ಹುಡುಗರ ಕಥೆ ಎರಡೂ. ಊರಿನ ಎಲ್ಲ ಜಾತಿ, ಧರ್ಮ, ಭಾಷೆಯ ಮಕ್ಕಳಿಗೂ ತಮ್ಮ ಮನೆಯಂಥ ಮನೆ ಯಾವುದಾದರೂ ಒಂದು ಪುಸ್ತಕದಲ್ಲಿ ಸಿಗಬೇಕು. ವಿಜ್ಞಾನ, ಆರೋಗ್ಯ, ಕಾನೂನಿನ ಪುಸ್ತಕ ಹಳೆಯದಾಗಿ ತಪ್ಪು ಮಾಹಿತಿ ಕೊಡುತ್ತಿದ್ದರೆ ತೆಗೆಯಬಹುದು. ಯಾರಿಗೋ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ.

ವಯಸ್ಸು ನೋಡಬೇಡವೇ? ನೋಡಬೇಕು. ಎಲ್‌ಪಿ (ಕಿರಿಯ ಪ್ರಾಥಮಿಕ) ಮಕ್ಕಳ ಪೆಟ್ಟಿಗೆಯೇ ಬೇರೆ, ಹೈಸ್ಕೂಲಿನದೇ ಬೇರೆ. ಆದರೆ ಆರಿಸುವುದಕ್ಕೂ ತಡೆಯುವುದಕ್ಕೂ ವ್ಯತ್ಯಾಸ ಇದೆ. ಅಮೆರಿಕದ ಗ್ರಂಥಾಲಯ ವಿದ್ವಾಂಸ ಲೆಸ್ಟರ್ ಆಶೈಮ್ 1953ರಲ್ಲೇ ಇದನ್ನು ಚೆನ್ನಾಗಿ ವಿವರಿಸಿದರು. ಆರಿಸುವವರು ಪುಸ್ತಕವನ್ನು ಇಟ್ಟುಕೊಳ್ಳಲು ಕಾರಣ ಹುಡುಕುತ್ತಾರೆ, ತಡೆಯುವವರು ಬೇಡ ಅನ್ನಲು ಕಾರಣ ಹುಡುಕುತ್ತಾರೆ. ಪಟ್ಟಿ ಮಾಡುವಾಗ ನನ್ನನ್ನೇ ನಾನು ಕೇಳಿಕೊಂಡ ಪ್ರಶ್ನೆ ಇದು. ಹುಡುಗಿಯರ ದೇಹದಲ್ಲಿ ಆಗುವ ಬದಲಾವಣೆ ಬಗ್ಗೆ ಒಂದು ಪುಟ್ಟ ಪುಸ್ತಕವಿತ್ತು. ಅದನ್ನು ನಾನು ಯಾರ ದೂರೂ ಇಲ್ಲದೆ ಹಿಂದಿನ ಸಾಲಿಗೆ ಸರಿಸಿಟ್ಟಿದ್ದೆ. ಏಳನೇ ಕ್ಲಾಸಿನ ಒಬ್ಬಳು ಹೆದರಿ ಅಳುತ್ತಾ ಬಂದ ದಿನ ಆ ಪುಸ್ತಕ ಎಲ್ಲಿದೆ ಎಂದು ನಾನೇ ಹುಡುಕಬೇಕಾಯಿತು. ಅವತ್ತು ನನಗಾದ ನೋವು ಇನ್ನೂ ಹೋಗಿಲ್ಲ.

ಯಾರಾದರೂ "ಈ ಪುಸ್ತಕ ತೆಗೆಯಿರಿ" ಅಂದರೆ

ಬರುತ್ತಾರೆ. ಬರಲಿ. ಪೋಷಕರಿಗೆ ಕೇಳುವ ಹಕ್ಕಿದೆ. ಮೊದಲು ಕೂರಿಸಿ, ಚಹಾ ಕೊಡಿ, ಪೂರ್ತಿ ಕೇಳಿಸಿಕೊಳ್ಳಿ. ಅರ್ಧಕ್ಕರ್ಧ ತಕರಾರು ಅಲ್ಲೇ ಮುಗಿಯುತ್ತದೆ. ನಿಂತಲ್ಲೇ "ಸರಿ, ತೆಗೀತೇನೆ" ಅಂತ ಮಾತ್ರ ಹೇಳಬೇಡಿ. ಹೆಡ್‌ಮಾಸ್ಟರ್ ಕೂಡ ಹೇಳಬಾರದು.

ಮುಗಿಯದಿದ್ದರೆ ಒಂದು ಫಾರ್ಮ್ ಕೊಡಿ. ಪುಸ್ತಕದ ಹೆಸರು ಏನು? ಪೂರ್ತಿ ಓದಿದ್ದೀರಾ? ಯಾವ ಪುಟದ ಯಾವ ಮಾತು ಸರಿ ಅನಿಸಲಿಲ್ಲ? ನಿಮ್ಮ ಮಗುವಿಗೆ ಬೇಡವೇ, ಎಲ್ಲ ಮಕ್ಕಳಿಗೂ ಬೇಡವೇ? ಇದೇ ವಿಷಯಕ್ಕೆ ಬೇರೆ ಯಾವ ಪುಸ್ತಕ ಒಳ್ಳೆಯದು ಅನಿಸುತ್ತದೆ? ಫಾರ್ಮ್ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಬರೆಯಲು ಬಾರದವರು ಹೇಳಿದರೆ ನೀವು ಬರೆದುಕೊಂಡು ಓದಿ ಹೇಳಿ.

ಆಮೇಲೆ ಐದು ಜನರ ಸಮಿತಿ ಕೂರಲಿ. ಇಬ್ಬರು ಟೀಚರ್, ಇಬ್ಬರು ಪೋಷಕರು, ಹತ್ತಿರದ ಸಾರ್ವಜನಿಕ ವಾಚನಾಲಯದಿಂದ ಒಬ್ಬರು. ಪೋಷಕರ ಹೆಸರನ್ನು ಪಿಟಿಎಯಿಂದ (ಶಿಕ್ಷಕ-ರಕ್ಷಕ ಸಂಘ) ಅಥವಾ ಶಾಲಾ ಆಡಳಿತ ಸಮಿತಿಯಿಂದ ತೆಗೆದುಕೊಳ್ಳಿ. ಸರ್ಕಾರಿ ಶಾಲೆಯ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆ ಹೇಳಿದೆ. ಐವರೂ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಓದದವರಿಗೆ ಮತ ಇಲ್ಲ. ಹದಿನೈದು ದಿನದಲ್ಲಿ ತೀರ್ಮಾನ, ಕಾರಣ ಸಹಿತ, ಬರಹದಲ್ಲಿ. ಅಲ್ಲಿಯವರೆಗೆ ಪುಸ್ತಕ ಪೆಟ್ಟಿಗೆಯಲ್ಲೇ ಇರುತ್ತದೆ. ಇದು ತುಂಬಾ ಮುಖ್ಯ. ವಿಚಾರಣೆ ಮುಗಿಯುವವರೆಗೆ ತೆಗೆದಿಡೋಣ ಎಂದು ಶುರುಮಾಡಿದರೆ ಆ ಪುಸ್ತಕ ವಾಪಸು ಬರುವುದಿಲ್ಲ.

ಒಮ್ಮೆ ಒಬ್ಬ ತಂದೆ ಬಂದರು. ಬೇರೆ ಧರ್ಮದ ಹಬ್ಬದ ಕಥೆಯನ್ನು ಮಗ ಮನೆಗೆ ತಂದಿದ್ದ ಎಂದು ಬೇಸರ. ಫಾರ್ಮ್ ಕೊಟ್ಟೆವು, ಪುಸ್ತಕವನ್ನೂ ಕೊಟ್ಟೆವು. ನಾಲ್ಕು ದಿನ ಬಿಟ್ಟು ಬಂದರು. ಪುಸ್ತಕ ಅವರಿಗೆ ಇಷ್ಟ ಆಗಲಿಲ್ಲ. ತನ್ನ ಮಗನಿಗೆ ಕೊಡಬೇಡಿ ಅಂದರು. ಅದನ್ನು ಒಪ್ಪಿಕೊಂಡೆವು. ಉಳಿದ ಮಕ್ಕಳ ಮಟ್ಟಿಗೆ ಒಪ್ಪಲಿಲ್ಲ. ಅವರು ತಮ್ಮ ಮಗುವಿನ ಬಗ್ಗೆ ಹೇಳಬಹುದು, ಪಕ್ಕದ ಮನೆಯ ಮಗುವಿನ ಬಗ್ಗೆ ಅದರ ತಂದೆತಾಯಿ ಹೇಳಬೇಕು. ಅವರು ಪೂರ್ತಿ ಖುಷಿಯಿಂದ ಹೋದರು ಅಂತ ಹೇಳಲಾರೆ. ಆದರೆ ಜಗಳ ಆಗಲಿಲ್ಲ, ಪುಸ್ತಕವೂ ಉಳಿಯಿತು.

ಯಾರು ಏನು ಓದಿದರು ಎಂಬುದು ಗುಟ್ಟು

ಎರವಲು ರಿಜಿಸ್ಟರ್ ಮೇಜಿನ ಮೇಲೆ ತೆರೆದಿಟ್ಟರೆ ಎಲ್ಲರೂ ನೋಡುತ್ತಾರೆ. "ಇವನು ನೋಡು ಇನ್ನೂ ಚಿತ್ರದ ಪುಸ್ತಕ ಓದುವುದು" ಅಂತ ಒಬ್ಬ ನಕ್ಕರೆ ಸಾಕು, ಆ ಮಗು ಮತ್ತೆ ಬರುವುದಿಲ್ಲ. ಹೆಸರಿನ ಬದಲು ಮಗುವಿಗೊಂದು ನಂಬರ್ ಕೊಡಿ. ಪುಸ್ತಕ ವಾಪಸು ಬಂದ ಕೂಡಲೇ ಆ ಸಾಲನ್ನು ದಪ್ಪ ಪೆನ್ನಿನಿಂದ ಅಳಿಸಿ. ಎಷ್ಟು ಪುಸ್ತಕ ಹೋಯಿತು ಎಂಬ ಲೆಕ್ಕ ಬೇರೆ ಪುಟದಲ್ಲಿ ಇರಲಿ. ಅಸೆಂಬ್ಲಿಯಲ್ಲಿ ಯಾರು ಏನು ಓದಿದರು ಎಂದು ಕೂಗಿ ಹೇಳಬೇಡಿ. ಓದಿನ ಟಿಪ್ಪಣಿ ಬರೆಯಬೇಕಿದ್ದರೆ ಯಾವ ಪುಸ್ತಕದ ಬಗ್ಗೆ ಎಂಬುದನ್ನು ಮಗುವೇ ಆರಿಸಲಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮಗುವಿಗೂ ಅದು ಬೇಕು.

ಊರಿನ ಫೈಲು

ಎಣ್ಮಕಜೆ ಕಡೆಯ ಮಗು ಒಂದು ದಿನ ಕೇಳುತ್ತದೆ: ಗೇರು ತೋಟದ ಮೇಲೆ ಹೆಲಿಕಾಪ್ಟರ್ ಯಾಕೆ ಬರುತ್ತಿತ್ತು? ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಈ ಮಗುವಿನ ಮನೆಯಲ್ಲೇ, ಅಥವಾ ಪಕ್ಕದಲ್ಲೇ ಅದರ ಗಾಯ ಇರಬಹುದು. ಅದರ ಪ್ರಶ್ನೆಗೆ ಲೈಬ್ರರಿಯಲ್ಲಿ ಕನ್ನಡದ ಒಂದು ಪುಟವಾದರೂ ಉತ್ತರ ಇರಬೇಡವೇ? ನನ್ನ ಮಟ್ಟಿಗೆ ಮಾಹಿತಿಯ ಹಕ್ಕು ಅಂದರೆ ಇದೇ.

ಒಂದು ರಟ್ಟಿನ ಫೈಲು ತೆಗೆದುಕೊಳ್ಳಿ. ಪತ್ರಿಕೆಯ ತುಣುಕು, ಕೋರ್ಟಿನ ಆದೇಶದ ಸಾರ, ಪಂಚಾಯತಿಯ ಪ್ರಕಟಣೆ, ಸರಳ ಕನ್ನಡದಲ್ಲಿ ನೀವೇ ಬರೆದ ಎರಡು ಪುಟ ಸೇರಿಸುತ್ತಾ ಹೋಗಿ. ಪ್ರತಿ ತುಣುಕಿನ ಮೇಲೆ ಎಲ್ಲಿಂದ, ಯಾವ ದಿನ ಎಂದು ಬರೆಯಿರಿ. ಒಂದೇ ವಿಷಯಕ್ಕೆ ಎರಡು ಕಡೆಯ ವರದಿ ಇಡಿ, ಎಲ್ಲಿ ಹೊಂದುವುದಿಲ್ಲ ಎಂದು ಮಕ್ಕಳೇ ಹುಡುಕಲಿ. ಒಂದು ಮಾತು: ಕಾಯಿಲೆ ಬಿದ್ದ ಊರಿನ ಮಕ್ಕಳ ಫೋಟೊ, ಹೆಸರು ಬೇಡ. ಅವರ ಅಣ್ಣನೋ ತಂಗಿಯೋ ಇದೇ ಬೆಂಚಿನಲ್ಲಿ ಕೂತಿರುತ್ತಾರೆ.

ಫೈಲು ನೋವಿನದು ಮಾತ್ರ ಆಗಬೇಕಿಲ್ಲ. ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗಗಳು, ಯಕ್ಷಗಾನ ಕವಿ ಪಾರ್ತಿಸುಬ್ಬ, ಅಡಿಕೆಯ ಕೊಳೆರೋಗ, ಬೇಕಲ ಕೋಟೆ ಎಲ್ಲಕ್ಕೂ ಒಂದೊಂದು ಫೈಲು ಮಾಡಬಹುದು. ಮಕ್ಕಳು ಅಜ್ಜಂದಿರನ್ನು ಕೇಳಿ ಬರೆದದ್ದನ್ನೂ ಸೇರಿಸಿ. ದಿನಪತ್ರಿಕೆ ಒಂದಾದರೂ ಕನ್ನಡದ್ದು ಬರಲಿ. ಊರಿನ ಅಂಗಡಿಯವರೋ ಹಳೆ ವಿದ್ಯಾರ್ಥಿಯೋ ವರ್ಷದ ಚಂದಾ ಕಟ್ಟಲು ಒಪ್ಪುತ್ತಾರೆ, ಕೇಳಬೇಕು ಅಷ್ಟೆ.

ಪುಸ್ತಕ ಎಲ್ಲಿಂದ?

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಓದಿನ ಮಟ್ಟಕ್ಕೆ ತಕ್ಕ ಹಾಗೆ ಸಿಗುತ್ತವೆ, ಉಚಿತ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಮುದ್ರಿಸಬಹುದು, ಅನುವಾದವನ್ನೂ ಮಾಡಬಹುದು. ಮಲಯಾಳ ಬಲ್ಲ ಟೀಚರ್ ನಮ್ಮಲ್ಲಿ ಬೇಕಾದಷ್ಟು ಇದ್ದಾರಲ್ಲ, ಒಂದು ರಜೆಯಲ್ಲಿ ಹತ್ತು ಕಥೆ ಕನ್ನಡಕ್ಕೆ ಬರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಗೆ ಕನ್ನಡ ಮಕ್ಕಳ ಪುಸ್ತಕ ತರುತ್ತದೆ. ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆಯಿರಿ, ಜೊತೆಗೆ ಆ ಎಣಿಕೆಯ ಹಾಳೆ ಇಡಿ. ಐಟಿ ಲ್ಯಾಬಿನ ಕಂಪ್ಯೂಟರಿನಲ್ಲಿ ಕನ್ನಡದ ಜ್ಞಾನತಾಣ ಕಣಜ, ಕನ್ನಡ ವಿಕಿಪೀಡಿಯ ತೆರೆದು ತೋರಿಸಿ. ದಾನವಾಗಿ ಬಂದ ಪುಸ್ತಕವನ್ನೂ ಒಂದು ಪುಟದ ನಿಯಮದಲ್ಲೇ ಅಳೆಯಿರಿ. ಬೇಡವಾದ್ದನ್ನು ಬೇಡ ಎನ್ನಲು ನಾಚಿಕೆ ಬೇಡ.

ಹಣ ಎಲ್ಲಿ ಹೋಯಿತು ಎಂದು ಕೇಳುವುದು

ಲೈಬ್ರರಿಗೆಂದು ಬಂದ ಹಣ ಏನಾಯಿತು ಎಂದು ಮೊದಲು ಬಾಯಲ್ಲಿ ಕೇಳಿ, ಆಮೇಲೆ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಟೀಚರ್ ಬದಲು ಪೋಷಕರೊಬ್ಬರು ಅರ್ಜಿ ಹಾಕಿದರೆ ಒಳ್ಳೆಯದು. ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆದು ₹10ರ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಬೇಡ, ಕಾರ್ಡಿನ ನಕಲು ಸಾಕು. ಯಾಕೆ ಕೇಳುತ್ತೀರಿ ಎಂದು ಅವರು ಕೇಳುವಂತಿಲ್ಲ.

ಪ್ರಶ್ನೆ ಚಿಕ್ಕದಾಗಿರಲಿ. "ನಮ್ಮ ಉಪಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಕಳೆದ ಮೂರು ವರ್ಷಗಳಲ್ಲಿ ಲೈಬ್ರರಿಗೆಂದು ಬಂದ ಹಣ ಎಷ್ಟು, ಕೊಟ್ಟ ಪುಸ್ತಕಗಳ ಪಟ್ಟಿ ಏನು, ಅದರಲ್ಲಿ ಕನ್ನಡದವು ಎಷ್ಟು?" ಇಷ್ಟೇ ಸಾಕು. "ಯಾಕೆ ಕೊಟ್ಟಿಲ್ಲ" ಎಂದು ಕೇಳಬೇಡಿ, ಅದಕ್ಕೆ ದಾಖಲೆ ಇಲ್ಲ ಎಂಬ ಉತ್ತರ ಬರುತ್ತದೆ.

ಕನ್ನಡದಲ್ಲೇ ಬರೆಯಬಹುದೇ? ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ನಾನು ಕನ್ನಡದ ಅರ್ಜಿಯ ಕೆಳಗೆ ಮಲಯಾಳದ ಅನುವಾದವನ್ನೂ ಸೇರಿಸುತ್ತೇನೆ. ಹಕ್ಕು ಬಿಟ್ಟುಕೊಟ್ಟ ಹಾಗೂ ಆಗಲಿಲ್ಲ, ಅರ್ಥವಾಗಲಿಲ್ಲ ಎಂದು ವಾಪಸು ಕಳಿಸುವ ದಾರಿಯೂ ಇಲ್ಲ.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ನಮ್ಮ ಎಷ್ಟೋ ಅರ್ಜಿಗಳು ಮರೆತುಹೋಗಿಯೇ ಸತ್ತಿವೆ. ಉತ್ತರ ಬಂದಾಗ ಅದರ ಒಂದು ನಕಲನ್ನು ಊರಿನ ಫೈಲಿಗೂ ಸೇರಿಸಿ, ಮಕ್ಕಳು ಓದಲಿ.